ಹನಿ ಹಾಕೋದನ್ನ ಕಲಿಸೋರು ಯಾರು?

ಈಚೆಗೆ ಊರಿನ ಮದುವೆಯೊಂದರಲ್ಲಿ ಎರಡನೇ ಪಂಕ್ತಿಗೆ ಕಾಯುತ್ತಿದ್ದಾಗ ದೊಡ್ಡಪ್ಪನ ಮಗ ಎಲ್ಲರೆದುರಿಗೆ ಕೇಳಿಬಿಟ್ಟ: "ಅಲ್ಲೋ, ನಮ್ಮ ಜಿಲ್ಲೆಯಲ್ಲಿ ಕಣ್ಣಾಸ್ಪತ್ರೆ ಇರಲಿಲ್ವಾ? ಒಂದು ಪೊರೆ ತೆಗೆಸೋಕೆ ಅಮ್ಮನ್ನ ಮಧುರೈವರೆಗೂ ಕರ್ಕೊಂಡು ಹೋಗಿದ್ದೀಯ!" ಸುತ್ತಲಿದ್ದವರು ನಕ್ಕರು. ಎಲೆ ಹಾಕಿದ ಮೇಲೆ ಮಾತು ಬೇರೆ ಕಡೆ ಹೋಯಿತು. ನನಗೆ ಮಾತ್ರ ಆ ಮಾತು ಚುಚ್ಚಿಕೊಂಡೇ ಇದೆ.

ಅಮ್ಮನ ಬಲಗಣ್ಣಿನ ಪೊರೆ ತೆಗೆಸಿದ್ದು ಊರ ಕಡೆಯ ಒಂದು ಆಸ್ಪತ್ರೆಯಲ್ಲಿ. ಎಡಗಣ್ಣಿನದು ನಾನು ಸಂಸಾರ ಹೂಡಿರುವ ಮಧುರೈಯ ಅರವಿಂದ್ ಕಣ್ಣಾಸ್ಪತ್ರೆಯಲ್ಲಿ. ಆಪರೇಷನ್ ಎರಡೂ ಕಡೆ ಚೆನ್ನಾಗಿಯೇ ಆಯಿತು. ನನ್ನ ತಕರಾರು ಆಪರೇಷನ್ನಿನದಲ್ಲ, ಅದು ಮುಗಿದ ಮೇಲಿನದು.

ಊರಲ್ಲಿ ಡಿಸ್ಚಾರ್ಜ್ ದಿನ ನರ್ಸ್ ಎರಡು ಪುಟ್ಟ ಬಾಟಲಿ ಕೈಗಿಟ್ಟು, "ಇದು ದಿನಕ್ಕೆ ಆರು ಸಲ, ಇದು ನಾಲ್ಕು ಸಲ, ತಲೆಗೆ ನೀರು ಹಾಕ್ಬೇಡಿ" ಅಂದರು. ಅಷ್ಟರಲ್ಲಿ ಮುಂದಿನವರ ಹೆಸರು ಕೂಗಿಯೂ ಆಗಿತ್ತು. ಎರಡೂ ಬಾಟಲಿ ಒಂದೇ ಗಾತ್ರ, ಮೇಲಿನ ಅಕ್ಷರ ಸಾಸಿವೆಯಷ್ಟು. ಕಣ್ಣು ಕಾಣದೆ ಬಂದವರು ಅದನ್ನು ಓದುವುದು ಹೇಗೆ? ಅಮ್ಮ ಮನೆಯಲ್ಲಿ ತಾನೇ ಹಾಕಿಕೊಳ್ಳುತ್ತಿದ್ದಳು. ಒಂದರ ಹಿಂದೆ ಇನ್ನೊಂದು, ತಕ್ಷಣ. ಅರ್ಧ ಕೆನ್ನೆಗೆ ಇಳಿಯುತ್ತಿತ್ತು, ಬಾಟಲಿಯ ತುದಿ ರೆಪ್ಪೆಗೆ ತಾಗುತ್ತಿತ್ತು. ಔಷಧಿ ಬೇಗ ಖಾಲಿಯಾಗಿ ಮತ್ತೆ ಮೆಡಿಕಲ್ ಶಾಪಿಗೆ ಓಡಾಟ. ಹೇಗೆ ಹಾಕ್ತಾ ಇದ್ದೀರಿ ಅಂತ ಯಾರೂ ಒಂದು ಮಾತು ಕೇಳಲಿಲ್ಲ. ಏನೂ ಆಗದೆ ಪಾರಾದಳು, ಪುಣ್ಯ.

ಮಧುರೈಯಲ್ಲಿ ನರ್ಸ್ ಮೊದಲು ಕೇಳಿದ್ದೇ, "ಮನೆಯಲ್ಲಿ ಡ್ರಾಪ್ಸ್ ಹಾಕೋರು ಯಾರು?" ನನ್ನ ಹೆಂಡತಿ ಮುಂದೆ ಬಂದಳು. ಸೋಪು ಹಚ್ಚಿ ಕೈ ತೊಳೆಸಿದರು. ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆಳೆದರೆ ಒಳಗೊಂದು ಚಿಕ್ಕ ಚೀಲದಂಥ ಜಾಗ ಆಗುತ್ತದೆ. ಹನಿ ಬೀಳಬೇಕಾದ್ದು ಅಲ್ಲಿಗೆ. ಹೆಂಡತಿ ಹಾಕಿದ ಮೊದಲ ಹನಿ ನೇರ ಕಣ್ಣುಗುಡ್ಡೆಯ ಮೇಲೆ ಬಿದ್ದು ಅಮ್ಮ ಬೆಚ್ಚಿದಳು. "ಪರವಾಗಿಲ್ಲ, ಇನ್ನೊಂದ್ಸಲ" ಅಂದು, ಇವಳ ಕೈ ಹಿಡಿಯದೆ, ಪಕ್ಕದಲ್ಲಿ ನಿಂತು ನೋಡಿದರು. ಎರಡನೇ ಸಲ ಸರಿಹೋಯಿತು. ಆಮೇಲೆ ಕಣ್ಣು ಮುಚ್ಚಿಸಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿಂದ ಒತ್ತಿಸಿ ಒಂದೆರಡು ನಿಮಿಷ ಇಡಿಸಿದರು.

ಅಲ್ಲಿ ಒತ್ತೋದು ಯಾಕೆ ಅಂತ ನಾನು ಕೇಳಿದೆ. ಕಣ್ಣೀರು ಇಳಿಯುವ ದಾರಿ ಅದು, ಔಷಧಿಯೂ ಅದೇ ದಾರಿಯಲ್ಲಿ ಮೂಗಿಗಿಳಿದು ರಕ್ತಕ್ಕೆ ಸೇರುತ್ತದಂತೆ. ಗ್ಲಾಕೋಮಾಗೆ, ಅಂದರೆ ಕಣ್ಣೊಳಗಿನ ಒತ್ತಡ ಏರುವ ಕಾಯಿಲೆಗೆ, ಹಾಕುವ ಟಿಮೊಲಾಲ್ ಥರದ ಡ್ರಾಪ್ಸ್ ಹಾಗೆ ಸೇರಿದರೆ ಎದೆಬಡಿತ ನಿಧಾನವಾಗಬಹುದು, ಆಸ್ತಮಾ ಇದ್ದವರಿಗೆ ಉಸಿರು ಕಟ್ಟಬಹುದು. ಕಣ್ಣಿನ ಆ ಚೀಲದಲ್ಲಿ ಒಂದು ಹನಿಯೂ ಪೂರ್ತಿ ನಿಲ್ಲುವುದಿಲ್ಲ, ಬೆನ್ನಿಗೇ ಇನ್ನೊಂದು ಹಾಕಿದರೆ ಮೊದಲನೆಯದು ಕೊಚ್ಚಿಹೋಗುತ್ತದೆ. ಅದಕ್ಕೇ ನಡುವೆ ಐದು ನಿಮಿಷ. ಮುಲಾಮು ಇದ್ದರೆ ಕೊನೆಗೆ. ಕೊನೆಯಲ್ಲಿ ನರ್ಸೇ ತಿರುಗಿ ಕೇಳಿದರು: "ಏನಾದ್ರೆ ತಡಮಾಡದೆ ಓಡಿ ಬರ್ತೀರಿ, ಹೇಳಿ." ನೋವು, ಕೆಂಪು ಅಂದಳು ಇವಳು. ದೃಷ್ಟಿ ಮಂಜಾಗುವುದು ಬಿಟ್ಟುಹೋಗಿತ್ತು. ಅದನ್ನೂ ಅವಳ ಬಾಯಲ್ಲೇ ಹೇಳಿಸಿದರು.

ಇದೆಲ್ಲ ನಡೆದದ್ದು ಕನ್ನಡದಲ್ಲಿ. ಆ ನರ್ಸ್ ಹುಡುಗಿ ತೇನಿ ಜಿಲ್ಲೆಯ ಕಂಬಂ ಕಡೆಯವರು, ಅಲ್ಲಿ ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಉಳಿಸಿಕೊಂಡಿರುವ ಕುಟುಂಬಗಳಿವೆ. ತಮಿಳು ಬೆರೆತ ಆ ಕನ್ನಡ ಕೇಳಿ ಅಮ್ಮನ ಮುಖ ಅರಳಿದ್ದನ್ನು ನಾನು ಮರೆಯಲಾರೆ. ಆದರೆ ಪಕ್ಕದ ಮಂಚದ ತಮಿಳು ಅಜ್ಜಿಗೂ ಇದೇ ಪಾಠ ನಡೆದಿತ್ತು. ಭಾಷೆಯ ದಾಕ್ಷಿಣ್ಯಕ್ಕೆ ಆದದ್ದಲ್ಲ.

1976ರಲ್ಲಿ ಡಾ. ಜಿ. ವೆಂಕಟಸ್ವಾಮಿಯವರು ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ 11 ಹಾಸಿಗೆಯಿಂದ ಶುರುಮಾಡಿದ ಆಸ್ಪತ್ರೆ ಇದು. ಸಂಧಿವಾತದಿಂದ ಸೊಟ್ಟಗಾದ ಬೆರಳುಗಳಲ್ಲೇ ಅವರು ಆಪರೇಷನ್ ಮಾಡುತ್ತಿದ್ದರು. ಇಲ್ಲಿ ಹಳ್ಳಿಗಳಿಂದ ಹೆಣ್ಣುಮಕ್ಕಳನ್ನು ಆರಿಸಿ ಎರಡು ವರ್ಷ ತರಬೇತಿ ಕೊಡುತ್ತಾರೆ. ದೃಷ್ಟಿ ಪರೀಕ್ಷೆ, ರೋಗಿಯನ್ನು ಆಪರೇಷನ್ನಿಗೆ ಸಿದ್ಧ ಮಾಡುವುದು, ಮನೆಯವರಿಗೆ ತಿಳಿಹೇಳುವುದು ಎಲ್ಲ ಅವರದೇ. ಡಾಕ್ಟರು ಒಂದು ಟೇಬಲ್ ಮುಗಿಸುವಷ್ಟರಲ್ಲಿ ಪಕ್ಕದ ಟೇಬಲ್ಲಿನ ರೋಗಿ ಸಿದ್ಧ. ಆ ವೇಗವನ್ನು ಎಲ್ಲರೂ ಹೊಗಳುತ್ತಾರೆ. ಅಷ್ಟು ವೇಗದ ಜಾಗದಲ್ಲೂ ಒಂದು ಹನಿ ಕಲಿಸುವುದಕ್ಕೆ ಹೊತ್ತು ಎತ್ತಿಟ್ಟಿದ್ದಾರಲ್ಲ, ನನಗೆ ದೊಡ್ಡದಾಗಿ ಕಂಡದ್ದು ಅದು.

ಕಿವಿಯ ಕಥೆಯೂ ನಮ್ಮಲ್ಲಿ ಹಾಗೇ. ಚಿಕ್ಕಮ್ಮನ ಮೊಮ್ಮಗನಿಗೆ ಕಿವಿ ಸೋರುತ್ತಿತ್ತು. ಒಪಿಡಿಯಲ್ಲಿ "ಮೂರು ಹನಿ ಬಿಡಿ" ಅಂದರು, ಅಷ್ಟೇ. ತಣ್ಣಗಿನ ಹನಿ ಬಿದ್ದರೆ ತಲೆ ತಿರುಗುತ್ತದೆ, ಬಾಟಲಿಯನ್ನು ಮುಷ್ಟಿಯಲ್ಲಿ ಸ್ವಲ್ಪ ಹೊತ್ತು ಹಿಡಿದು ಬೆಚ್ಚಗೆ ಮಾಡಿಕೊಳ್ಳಿ ಅನ್ನಲಿಲ್ಲ. ದೊಡ್ಡವರ ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆಯಬೇಕು, ಎಳೆಮಕ್ಕಳದನ್ನು ಕೆಳಕ್ಕೆ ಹಿಂದಕ್ಕೆ, ಆಮೇಲೆ ಒಂದೈದು ನಿಮಿಷ ಮಗ್ಗುಲಲ್ಲಿ ಮಲಗಿಸಬೇಕು ಅನ್ನಲಿಲ್ಲ. ಕಿವಿಯ ತಮಟೆ ತೂತಾಗಿದ್ದರೆ ಮನೆಯ ಬಿಸಿ ಎಣ್ಣೆ ಬಿಡಲೇಬಾರದು, ಸ್ನಾನಕ್ಕೆ ಮುಂಚೆ ವ್ಯಾಸಲೀನ್ ಸವರಿದ ಹತ್ತಿ ಇಡಬೇಕು ಅನ್ನಲಿಲ್ಲ. ಮನೆಯವರು ಬೆಳ್ಳುಳ್ಳಿ ಎಣ್ಣೆ ಕಾಯಿಸಿದರು. ಅವರನ್ನು ಬೈದು ಏನು ಬಂತು?

ಇನ್ನು ವಾರ್ಡುಗಳಲ್ಲಿ ಕಿವಿ ಮಂದವಾದ ಮುದುಕರನ್ನು ಬೆನ್ನ ಹಿಂದಿನಿಂದ "ಅಜ್ಜಾ!" ಅಂತ ಕಿರುಚುವುದನ್ನು ಕೇಳಿದರೆ ಹೊಟ್ಟೆ ಉರಿಯುತ್ತದೆ. ಎದುರಿಗೆ ಬಂದು, ಮುಖದ ಮೇಲೆ ಬೆಳಕು ಬೀಳುವಂತೆ ನಿಂತು, ನಿಧಾನವಾಗಿ ಮಾತಾಡಿದರೆ ಅವರು ತುಟಿ ನೋಡಿಯಾದರೂ ಹಿಡಿಯುತ್ತಾರೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರನ್ನು ಮುಟ್ಟುವ ಮುಂಚೆ "ನಾನು ಸಿಸ್ಟರ್, ಇಂಜೆಕ್ಷನ್ನಿಗೆ ಬಂದಿದೀನಿ" ಅನ್ನಬೇಕು. ನಡೆಸುವಾಗ ತೋಳು ಹಿಡಿದು ತಳ್ಳಬಾರದು, ಅವರಿಗೇ ನಮ್ಮ ಮೊಣಕೈ ಹಿಡಿಯಲು ಕೊಡಬೇಕು. ಇದಕ್ಕೆಲ್ಲ ಅನುದಾನ ಬೇಕಿಲ್ಲ.

ದೊಡ್ಡಪ್ಪನ ಮಗ ಓದಿದರೆ ಇನ್ನೊಂದು ಮುಖ ಎಲ್ಲಿ ಅಂತ ಕೇಳುತ್ತಾನೆ. ಹೇಳಬೇಕಾದ್ದೇ. ನನ್ನ ಅಜ್ಜಿಗೆ ಕಣ್ಣು ಮತ್ತೆ ಕಾಣುವಂತಾದದ್ದು ಡಾ. ಎಂ.ಸಿ. ಮೋದಿಯವರ ಕಣ್ಣಿನ ಶಿಬಿರದಲ್ಲಿ. ನಾನು ಮಧುರೈ ಅಂತ ಕೇಳುವ ಎಷ್ಟೋ ಮುಂಚೆ ಅವರು ನಮ್ಮ ಊರೂರು ಸುತ್ತಿ ಆಪರೇಷನ್ ಮಾಡಿದ್ದರು. ಸೋದರಮಾವನಿಗೆ ಶ್ರವಣಯಂತ್ರ ಹಾಕಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ, 1965ರಿಂದ ಇರುವ ಸಂಸ್ಥೆ. ಬ್ಯಾಟರಿ ತೆಗೆಯುವುದು ಹಾಕುವುದನ್ನು ಅವರ ಕೈಯಲ್ಲೇ ಮಾಡಿಸಿ, ಅದು ಅವರಿಗೆ ರೂಢಿಯಾದ ನಂತರವೇ ಕಳಿಸಿದರು. ಅಲ್ಲಿ ಕಲಿಸಿದವರು ಆಡಿಯಾಲಜಿಸ್ಟ್, ಅಂದರೆ ಶ್ರವಣ ತಜ್ಞರು, ನರ್ಸ್ ಅಲ್ಲ, ಆದರೂ ಕಲಿಸಿದ್ದು ಕಲಿಸಿದ್ದೇ. ಊರಿನ ಆ ನರ್ಸನ್ನೂ ದೂರಲು ಮನಸ್ಸು ಬರುವುದಿಲ್ಲ. ಹಿಂದಿನ ರಾತ್ರಿ ಅಮ್ಮನಿಗೆ ಬಿಸಿನೀರು ತಂದುಕೊಟ್ಟವರು ಅವರೇ. ಮಧುರೈ ಹುಡುಗಿಗೆ ಕಣ್ಣೊಂದೇ ಕೆಲಸ. ಇವರ ಪಾಲಿಗೆ ಡೆಂಗ್ಯೂ ಡ್ರಿಪ್, ಆಕ್ಸಿಡೆಂಟ್ ಕೇಸು, ರಿಜಿಸ್ಟರು, ಎಲ್ಲದಕ್ಕೂ ಒಬ್ಬರೇ.

ಹಾಗಾಗಿ ನಾನು ಕೇಳುವುದು ಇಷ್ಟು: ಡಿಸ್ಚಾರ್ಜ್ ಚೀಟಿಯಲ್ಲಿ "ಮನೆಯವರ ಕೈಯಿಂದ ಹನಿ ಹಾಕಿಸಿ ನೋಡಿದ್ದೇನೆ" ಅನ್ನುವ ಒಂದು ಸಾಲು, ಅದರ ಕೆಳಗೆ ನರ್ಸಿನ ಸಹಿ, ಆ ಸಹಿಗೆ ಬೇಕಾದ ಹೊತ್ತು ಸಿಗುವಂತೆ ವಾರ್ಡಿಗೆ ಇನ್ನೊಬ್ಬ ನರ್ಸ್.