ಹಗ್ಗ ಓಡುವಾಗ ಗಾಳ ಕಟ್ಟಿರಬೇಡಿ

ಗೊರೂರು ಹಿನ್ನೀರು, ಬೇಲೂರಿನ ಯಗಚಿ, ವಾಟೆಹೊಳೆ, ಆ ಕಡೆ ಲಕ್ಕವಳ್ಳಿ. ಈ ನೀರುಗಳಲ್ಲಿ ಒಬ್ಬರೇ ತೆಪ್ಪ ಹತ್ತಿ ಸಾಲುಗಾಳ ಹಾಕುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಜೊತೆಗೆ ಇನ್ನೊಬ್ಬರನ್ನು ಕರೆದೊಯ್ದರೆ ಸಿಕ್ಕಿದ್ದರಲ್ಲಿ ಪಾಲು ಕೊಡಬೇಕು, ಅಷ್ಟು ಮೀನೂ ಬೀಳುವುದಿಲ್ಲ. ಹಾಗಾಗಿ ಒಬ್ಬರೇ ಹೋಗುವುದನ್ನು ನಾನು ತಪ್ಪು ಅನ್ನುವುದಿಲ್ಲ. ಇಬ್ಬರ ಕೆಲಸವನ್ನು ಇಬ್ಬರು ಮಾಡುವ ಕ್ರಮದಲ್ಲೇ ಒಬ್ಬರು ಮಾಡಲು ಹೋಗುವುದು ಮಾತ್ರ ತಪ್ಪು. ಅದರಿಂದ ಜೀವ ಹೋಗುತ್ತದೆ.

ಸಾಲುಗಾಳ ಅಂದರೆ ಒಂದು ಉದ್ದ ಹಗ್ಗ, ಎರಡು ತುದಿಗೂ ಭಾರ, ನಡುವೆ ಮರಿದಾರಗಳು, ಒಂದೊಂದು ಮರಿದಾರಕ್ಕೂ ಒಂದೊಂದು ಗಾಳ. ಸಾಮಾನ್ಯವಾಗಿ ಮರಿದಾರಗಳನ್ನು ಮನೆಯಲ್ಲೇ ಹಗ್ಗಕ್ಕೆ ಗಂಟು ಹಾಕಿ, ಎರೆ ಸಿಕ್ಕಿಸಿ, ಬುಟ್ಟಿಯಲ್ಲಿ ಸುತ್ತಿಟ್ಟು ಒಯ್ಯುತ್ತಾರೆ. ಇಬ್ಬರಿದ್ದರೆ ಒಬ್ಬ ಹುಟ್ಟು ಹಾಕುತ್ತಾನೆ, ಇನ್ನೊಬ್ಬ ಗಾಳ ಬಿಡಿಸಿ ನೀರಿಗೆ ಬಿಡುತ್ತಾನೆ. ಒಬ್ಬರೇ ಇದ್ದಾಗ ಏನಾಗುತ್ತದೆ ನೋಡಿ. ಐದು ಕೆಜಿ ಕಲ್ಲು ಮುಳುಗುತ್ತಿದೆ, ಗಾಳಿ ತೆಪ್ಪವನ್ನು ಆಚೆ ತಳ್ಳುತ್ತಿದೆ, ಹಗ್ಗ ಬುಟ್ಟಿಯಿಂದ ಸರಸರ ಓಡುತ್ತಿದೆ, ಮೂವತ್ತು ಗಾಳ ಒಂದರ ಹಿಂದೊಂದು ಮೊಣಕಾಲ ಪಕ್ಕದಲ್ಲೇ ಹೋಗುತ್ತಿವೆ. ಒಂದು ಗಾಳ ಲುಂಗಿಗೆ ಸಿಕ್ಕಿದರೂ ಸಾಕು, ಮನುಷ್ಯ ಆ ಬದಿಗೆ ಬಾಗುತ್ತಾನೆ. ದುಂಡನೆ ತೆಪ್ಪ ಅವನ ಜೊತೆಗೇ ವಾಲುತ್ತದೆ.

ಅದಕ್ಕೇ ಒಬ್ಬರೇ ಹೋಗುವವರು ಗಂಟು ಬಿಡಬೇಕು, ಕ್ಲಿಪ್ ಹಿಡಿಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮೊದಲು ಬರೀ ಹಗ್ಗ ನೀರಿಗೆ ಇಳಿಯಲಿ. ಎರಡೂ ತುದಿ ತಳ ಮುಟ್ಟಿ ಹಗ್ಗ ನಿಂತ ಮೇಲೆ, ಒಂದೊಂದೇ ಮರಿದಾರವನ್ನು ಕ್ಲಿಪ್‌ನಿಂದ ಅದಕ್ಕೆ ತಗುಲಿಸುತ್ತಾ ಹೋಗಿ. ಎತ್ತುವಾಗಲೂ ಅಷ್ಟೇ, ಮರಿದಾರಗಳನ್ನೆಲ್ಲ ಕಳಚಿದ ಮೇಲೆಯೇ ಕಲ್ಲಿಗೆ ಕೈ ಹಾಕಿ. ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ. ಕ್ಲಿಪ್‌ಗಳನ್ನು ಮಂಗಳೂರು, ಮಲ್ಪೆ ಕಡೆಯ ಬಲೆ ಸಾಮಾನಿನ ಅಂಗಡಿಗಳಲ್ಲಿ ಕೇಳಿ ನೋಡಿ. ಸಿಗದಿದ್ದರೆ ಮರಿದಾರದ ತುದಿಗೆ ಕುಣಿಕೆ ಮಾಡಿ, ಹಗ್ಗವನ್ನು ಬಳಸಿ ಗಾಳವನ್ನು ಆ ಕುಣಿಕೆಯೊಳಗೆ ತೂರಿಸಿ ಬಿಗಿಯಬಹುದು. ಹಾಗೆ ಮಾಡಿದರೆ ಗಾಳ ಬೆರಳ ನಡುವೆ ಇರುವ ಹೊತ್ತು ಹೆಚ್ಚು, ಆದ್ದರಿಂದ ಅದು ನನ್ನ ಮೊದಲ ಆಯ್ಕೆಯಲ್ಲ.

ಅಳತೆಗಳು ಹೀಗಿರಲಿ. ಹಗ್ಗ 3ರಿಂದ 4 ಮಿಲಿಮೀಟರ್ ದಪ್ಪದ ಹೆಣೆದ ನೈಲಾನ್. ಸಣ್ಣ ತಂಗೂಸಿ ದಾರ ಬೇಡ, ಎಳೆತ ಬಿದ್ದಾಗ ಅಂಗೈ ಸೀಳುತ್ತದೆ. ಮರಿದಾರ ಒಂದು ಮೊಳ, ಎರಡು ಮರಿದಾರಗಳ ನಡುವೆ ಒಂದು ಮಾರು. ಈ ಮಾರಿನ ಲೆಕ್ಕದಲ್ಲಿ ಜಿಪುಣತನ ಮಾಡಬೇಡಿ. ಒಂದು ಗಾಳ ಕೈಯಲ್ಲಿದ್ದಾಗ ಮುಂದಿನ ಗಾಳ ನಿಮ್ಮ ತೋಳಿಗೆ ಎಟುಕಬಾರದು, ಅದಕ್ಕೇ ಆ ಅಂತರ. ಮೂವತ್ತು ಗಾಳಕ್ಕೆ ಸುಮಾರು 55 ಮೀಟರ್, ಎರಡೂ ತುದಿಯಲ್ಲಿ ಗಾಳವಿಲ್ಲದ ಎಂಟೆಂಟು ಮೀಟರ್, ಒಟ್ಟು 70 ಮೀಟರ್ ಹಗ್ಗ. ಒಬ್ಬರಿಗೆ ಇಷ್ಟೇ ಸಾಕು. ಕ್ಲಿಪ್ ಜಾರದಂತೆ ಅದು ಕೂರುವ ಜಾಗದ ಎರಡೂ ಬದಿ ಹಗ್ಗಕ್ಕೆ ದಪ್ಪ ಗಂಟು ಹಾಕಿರಿ. ಮರಿದಾರದ ನಡುವೆ ಒಂದು ಸ್ವಿವೆಲ್ (ತಿರುಗುವ ಕೊಂಡಿ) ಇದ್ದರೆ ಮೀನು ಹೊರಳಿ ಹೊರಳಿ ದಾರ ಹುರಿಗಟ್ಟುವುದಿಲ್ಲ.

ತುದಿಗೆ ನಾಲ್ಕೈದು ಕೆಜಿಯ ಕಲ್ಲು, ಹತ್ತು ಗಾಳಕ್ಕೊಂದರಂತೆ ಅರ್ಧ ಇಟ್ಟಿಗೆ. ಕಲ್ಲನ್ನು ಹಗ್ಗಕ್ಕೆ ನೇರವಾಗಿ ಕಟ್ಟಬೇಡಿ, ನಡುವೆ ಒಂದು ತುಂಡು ಹತ್ತಿ ದಾರ ಇರಲಿ. ನಮ್ಮ ಹಿನ್ನೀರಿನ ತಳದಲ್ಲಿ ಮುಳುಗಿದ ಮರಗಳ ಬೊಡ್ಡೆಗಳಿವೆ. ಕಲ್ಲು ಅಲ್ಲಿ ಸಿಕ್ಕಿದಾಗ ತೆಪ್ಪದ ಅಂಚಿಗೆ ಕಾಲು ಕೊಟ್ಟು ಜಗ್ಗಿದರೆ ಮಗುಚುವುದು ತೆಪ್ಪವೇ. ಹತ್ತಿ ದಾರವಾದರೆ ತಾನೇ ಹರಿಯುತ್ತದೆ, ಕಲ್ಲು ಹೋದರೆ ಹೋಗಲಿ. ಬೊಡ್ಡೆಗಳು ಎಲ್ಲಿವೆ ಅಂತ ತಿಳಿಯಲು ಬೇಸಿಗೆಯೇ ಸರಿಯಾದ ಕಾಲ. ಹೇಮಾವತಿ ಇಳಿದಾಗ ಶೆಟ್ಟಿಹಳ್ಳಿ ಚರ್ಚಿನ ಸುತ್ತ ನಡೆದಾಡಬಹುದು, ಮಳೆಗಾಲದಲ್ಲಿ ಅದೇ ನೆಲದ ಮೇಲೆ ತೆಪ್ಪ ತೇಲುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಒಂದು ಸುತ್ತು ಹಾಕಿ ನೋಡಿಟ್ಟುಕೊಂಡರೆ ವರ್ಷವಿಡೀ ಉಪಯೋಗಕ್ಕೆ ಬರುತ್ತದೆ.

ಸಾಲಿನ ತುದಿಯ ಗುರುತಿಗೆ ಐದು ಲೀಟರ್‌ನ ಖಾಲಿ ಕ್ಯಾನ್. ಅದರ ಹಗ್ಗ ನೀರಿನ ಆಳದ ಒಂದೂವರೆ ಪಟ್ಟು ಇರಬೇಕು. ಪುನರ್ವಸು, ಪುಷ್ಯ ಮಳೆ ಜೋರಾದಾಗ ಜಲಾಶಯದ ಮಟ್ಟ ಒಂದೇ ರಾತ್ರಿಯಲ್ಲಿ ಏರುತ್ತದೆ. ಹಗ್ಗ ಗಿಡ್ಡವಾದರೆ ಬೆಳಿಗ್ಗೆ ಕ್ಯಾನ್ ನೀರೊಳಗೆ. ಹಾಗೆ ಕಳೆದ ಸಾಲನ್ನು ಹುಡುಕದೆ ಬಿಡಬೇಡಿ. ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಯನ್ನೇ ತಳದಲ್ಲಿ ಎಳೆದರೆ ಸಿಗುತ್ತದೆ. ಬಿಟ್ಟ ಸಾಲು ನೀರುಕಾಗೆ, ನೀರುನಾಯಿಗಳನ್ನೂ ಕೊಲ್ಲುತ್ತದೆ, ಆಮೇಲೆ ಅಲ್ಲಿ ಈಜಲು ಇಳಿದ ಹುಡುಗರ ಕಾಲಿಗೂ ಸಿಗುತ್ತದೆ.

ಇನ್ನು ಗಾಳಿ. ಹಗ್ಗ ಇಳಿಸುವಾಗ ಗಾಳಿ ಬರುವ ಕಡೆಯಿಂದ ಶುರು ಮಾಡಿ. ಕಲ್ಲನ್ನು ಎಸೆಯದೆ ಕೈಯಿಂದಲೇ ಇಳಿಸಿ, ತೆಪ್ಪವನ್ನು ಗಾಳಿಗೆ ಬಿಟ್ಟು ಹಗ್ಗ ಕೊಡುತ್ತಾ ಹೋಗಿ. ಪಾದ ಯಾವತ್ತೂ ಬುಟ್ಟಿಯಿಂದ ದೂರ ಇರಲಿ. ಗಾಳ ತಗುಲಿಸುವುದು, ಮೀನು ಸಿಕ್ಕ ಮರಿದಾರ ಕಳಚುವುದು ಇದರ ತಿರುಗಾ ಕ್ರಮ: ಗಾಳಿ ಹೋಗುವ ಕಡೆಯ ತುದಿಯಿಂದ ಹಗ್ಗ ಹಿಡಿದು ಗಾಳಿಗೆ ಎದುರಾಗಿ ತೆಪ್ಪವನ್ನು ಎಳೆದುಕೊಂಡು ಹೋಗಬೇಕು. ಆಗ ಹಗ್ಗ ಬಿಗಿಯಾಗಿರುತ್ತದೆ. ಮರಿದಾರ ಕಳಚುವಾಗ ಏನೋ ಸರಿಯಿಲ್ಲ ಅನಿಸಿದರೆ ಕೈ ಬಿಟ್ಟರೆ ಸಾಕು, ಗಾಳಿ ನಿಮ್ಮನ್ನು ಆಗಲೇ ಗಾಳ ಕಳಚಿದ ಕಡೆಗೇ ಒಯ್ಯುತ್ತದೆ. ಗಾಳಿಯ ಜೊತೆಗೆ ಹೋದರೆ ತೆಪ್ಪ ಹಗ್ಗದ ಮೇಲೇರಿ ತಿರುಗಿ, ಗಾಳಗಳು ಮೈಮೇಲೆ ಬರುತ್ತವೆ. ಕೊನೆಗೆ ಬರಿದಾದ ಹಗ್ಗವನ್ನು ಮತ್ತೆ ಗಾಳಿ ಬರುವ ತುದಿಯಿಂದ ಬುಟ್ಟಿಗೆ ಸುತ್ತುತ್ತಾ ಬನ್ನಿ. ಇಷ್ಟರಲ್ಲಿ ಯಾವ ಹಂತದಲ್ಲೂ ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ತೆಪ್ಪಕ್ಕೆ ಕಟ್ಟಬೇಡಿ, ಎದ್ದು ನಿಲ್ಲಬೇಡಿ.

ಮರಿದಾರ ಕಳಚುವ ಮುಂಚೆ ಹಗ್ಗವನ್ನು ಸ್ವಲ್ಪ ಹೊತ್ತು ಸುಮ್ಮನೆ ಹಿಡಿದು ನೋಡಿ. ಇಪ್ಪತ್ತನೇ ಗಾಳದಲ್ಲಿ ದೊಡ್ಡ ಬಾಳೆ ಮೀನು ಇದ್ದರೆ ಅದರ ಗುದ್ದು ಐದನೇ ಗಾಳದ ಹತ್ತಿರವೇ ಕೈಗೆ ಗೊತ್ತಾಗುತ್ತದೆ. ನಿಮ್ಮ ಬೆರಳು ಗಾಳದ ಪಕ್ಕದಲ್ಲಿದ್ದಾಗ ಆ ಮೀನು ಒಂದು ಸಲ ಎಳೆದರೆ ಗಾಳ ಬೆರಳಿನೊಳಗೆ. ಎಳೆತ ಇದ್ದರೆ ಹಗ್ಗ ಬಿಟ್ಟು ಕಾಯಿರಿ, ಮೀನು ಸುಸ್ತಾಗಲಿ. ಸಿಕ್ಕ ಮೀನನ್ನು ಕೈಬಲೆಯಿಂದ ಎತ್ತಿ, ಮರಿದಾರದ ಸಮೇತ ಗೋಣಿಚೀಲಕ್ಕೆ ಹಾಕಿ. ಬಾಯಿಂದ ಗಾಳ ಬಿಡಿಸುವುದು ದಡದ ಕೆಲಸ. ಬಾಳೆ ಮೀನಿನ ಹಲ್ಲಿಗೂ ಚೇಳುಮೀನಿನ ಮುಳ್ಳಿಗೂ ತೆಪ್ಪದಲ್ಲಿ ಮದ್ದಿಲ್ಲ. ಚೇಳುಮೀನು ಚುಚ್ಚಿದರೆ, ದಡಕ್ಕೆ ಬಂದ ಮೇಲೆ ಸಹಿಸುವಷ್ಟು ಬಿಸಿ ನೀರಿನಲ್ಲಿ ಕೈ ಇಟ್ಟರೆ ಉರಿ ತಗ್ಗುತ್ತದೆ.

ಚಾಕು ಎರಡು ಬೇಕು. ಒಂದು ಎದೆಯ ಮೇಲೆ ದಾರಕ್ಕೆ, ಇನ್ನೊಂದು ತೆಪ್ಪದ ಒಳ ಅಂಚಿನಲ್ಲಿ. ಬಲಗೈಗೆ ಗಾಳ ಸಿಕ್ಕಿದಾಗ ಎಡಗೈಗೆ ಎಟುಕದ ಚಾಕು ಇದ್ದೂ ಇಲ್ಲದಂತೆ. ಜೊತೆಗೆ ಗಾಳದ ಕಡ್ಡಿಯನ್ನೇ ಕತ್ತರಿಸುವ ಕಟಿಂಗ್ ಪ್ಲೇಯರ್. ಅಂಗಡಿಯವರ ಮಾತು ನಂಬದೆ ಮನೆಯಲ್ಲಿ ಒಂದು ಗಾಳ ಕತ್ತರಿಸಿ ನೋಡಿ. ಕೈಗೆ ಗಾಳ ಹೊಕ್ಕರೆ ಗಾಳವನ್ನು ಜಗ್ಗಬೇಡಿ, ಮೊದಲು ಮರಿದಾರ ಕತ್ತರಿಸಿ. ಹಗ್ಗದ ಎಳೆತ ತಪ್ಪಿದ ಮೇಲೆ ನೀವು ಬರೀ ಗಾಯಾಳು, ಅಪಾಯ ಕಳೆಯಿತು. ಉಳಿದದ್ದನ್ನು ಆಸ್ಪತ್ರೆಯಲ್ಲಿ ತೆಗೆಯುತ್ತಾರೆ, ಟಿಟಿ ಇಂಜೆಕ್ಷನ್ ಕೇಳಿ ಹಾಕಿಸಿಕೊಳ್ಳಿ. ಗಾಳಗಳನ್ನು ತೆಪ್ಪದ ತಳದಲ್ಲಿ ಹರಡಬೇಡಿ. ಬಕೆಟ್ಟಿನ ಬಾಯಿಗೆ ಉದ್ದಕ್ಕೆ ಸೀಳಿದ ರಬ್ಬರ್ ಪೈಪ್ ತೊಡಿಸಿ ಸಾಲಾಗಿ ಸಿಕ್ಕಿಸಿದರೆ ಒಂದೂ ಅಲುಗಾಡುವುದಿಲ್ಲ.

ಲೈಫ್ ಜಾಕೆಟ್ ಬಗ್ಗೆ ವಾದವೇ ಬೇಡ, ಹಾಕಿ. ಈಜು ಬರುವವರೂ ಹಾಕಿ, ಕಾಲಿಗೆ ಹಗ್ಗ ಸುತ್ತಿದಾಗ ಈಜು ನೆರವಿಗೆ ಬರುವುದಿಲ್ಲ. ಲುಂಗಿ, ಹೆಗಲ ಟವೆಲ್, ಉಂಗುರ, ಮಣಿಕಟ್ಟಿನ ದಾರ ದಡದಲ್ಲೇ ಇರಲಿ, ಗಮ್‌ಬೂಟೂ ಬೇಡ. ನೀರಿಗೆ ಬಿದ್ದರೆ ಹಗ್ಗ ಹಿಡಿಯಬೇಡಿ, ತೆಪ್ಪದ ಅಂಚು ಹಿಡಿಯಿರಿ.

ಜಲಾಶಯದಲ್ಲಿ ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಬೇಕು, ಕೆರೆಯಾದರೆ ಗುತ್ತಿಗೆ ಹಿಡಿದವರ ಒಪ್ಪಿಗೆ. ಭದ್ರಾ ಹಿನ್ನೀರಿನ ಅಭಯಾರಣ್ಯದ ಬದಿಗೆ, ರಾಮನಾಥಪುರದ ದೇವರ ಮೀನಿನ ಮಡುವಿಗೆ ಹೋಗಲೇಬೇಡಿ. ಅಣೆಕಟ್ಟೆಯ ಗೇಟು, ನಾಲೆಯ ಬಾಯಿ ಇರುವ ಕಡೆ ಸಾಲು ಹಾಕಬೇಡಿ, ಅಲ್ಲಿ ನೀರಿನ ಸೆಳೆತ ಮೇಲೆ ಕಾಣುವುದಿಲ್ಲ.

ಸಂಜೆ ಬೆಳಕಿರುವಾಗ ಹಾಕಿ, ಬೆಳಿಗ್ಗೆ ಬೆಳಕು ಹರಿದ ಮೇಲೆ ಎತ್ತಿ. ಭರಣಿ, ಕೃತ್ತಿಕೆ ಮಳೆಯ ದಿನಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಕೇಳಿದರೆ ಅರ್ಧ ಎತ್ತಿದ ಸಾಲನ್ನು ಹಾಗೇ ಬಿಟ್ಟು ದಡ ಸೇರಿ, ಕ್ಯಾನ್ ಇದ್ದರೆ ಸಾಲು ಅಲ್ಲೇ ಇರುತ್ತದೆ. ಯಾವ ದಡದಿಂದ ಇಳಿಯುತ್ತೀರಿ, ಸಾಲು ಯಾವ ಕಡೆಗಿದೆ, ಎಷ್ಟು ಗಂಟೆಗೆ ವಾಪಸ್, ಈ ಮೂರನ್ನು ಮನೆಯಲ್ಲಿ ಹೇಳಿ ಹೊರಡಿ. ಫೋನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಜೇಬಿನಲ್ಲಿರಲಿ, ಕೊರಳಿಗೆ ಒಂದು ಸೀಟಿ.