ಕಾಗದದಲ್ಲಿ ಎಮ್ಮೆ, ಅಂಗಳದಲ್ಲಿ ಬೈಕು

ನಮ್ಮ ಮನೆಯಲ್ಲಿ ಒಂದು ಕಥೆ ಇದೆ. ಮದುವೆ, ತಿಥಿ, ಹಬ್ಬ, ಯಾವುದಕ್ಕೆ ಸೇರಿದರೂ ನನ್ನ ತಮ್ಮ ಅದನ್ನು ಹೇಳದೆ ಬಿಡುವುದಿಲ್ಲ. "ಹತ್ತೊಂಬತ್ತು ವರ್ಷಕ್ಕೇ ಸ್ವಂತ ದುಡಿದು ಗಾಡಿ ತಗೊಂಡವ ನಾನು. ಅಪ್ಪನ ಹತ್ತಿರ ಒಂದು ಪೈಸೆ ಕೇಳಲಿಲ್ಲ." ಈ ಸಲ ಚೌತಿಗೆ ಊರಿಗೆ ಹೋದಾಗಲೂ ಹೇಳಿದ. ಎದುರಿಗೆ ಅವನ ಮಗ ಕೂತಿದ್ದ. ಅವನಿಗೂ ಈಗ ಹತ್ತೊಂಬತ್ತು. ಅವನಿಗೂ ಬೈಕ್ ಬೇಕು. ಅಪ್ಪನ ಕಥೆ ಮುಗಿಯುವ ತನಕ ಮೊಬೈಲ್ ನೋಡುತ್ತಿದ್ದವನು, ಮುಗಿದ ಮೇಲೆ ತಲೆ ಎತ್ತಿ ನನ್ನನ್ನು ಕೇಳಿದ, "ಅತ್ತೆ, ಹೌದಾ?"

ನಾನು ಕಡುಬು ತಿನ್ನುತ್ತಿದ್ದೆ. "ಹೌದು" ಅಂದೆ. ಅರ್ಧ ಸುಳ್ಳು ಹೇಳಿದೆ ಅಂತ ಆಮೇಲೆ ಅನಿಸಿತು. ಉಳಿದ ಅರ್ಧ ಬರೆಯೋಣ ಅಂತ ಕೂತಿದ್ದೇನೆ.

ನಮ್ಮದು ಸಿದ್ದಾಪುರ ತಾಲ್ಲೂಕು. ಡಾಂಬರು ರಸ್ತೆಯಿಂದ ಮೂರು ಕಿಲೋಮೀಟರ್ ಒಳಗೆ ಮನೆ. ಸಂಜೆಯ ಕೊನೇ ಬಸ್ಸು ತಪ್ಪಿದರೆ ಪೇಟೆಯಲ್ಲೇ ಯಾರದಾದರೂ ಮನೆಯಲ್ಲಿ ಉಳಿಯಬೇಕು, ಇಲ್ಲ ನಡೆಯಬೇಕು. ಹಾಗಾಗಿ ನಮ್ಮ ಕಡೆ ಹುಡುಗ ಬೈಕ್ ಬೇಕು ಅಂದರೆ ಅದನ್ನು ಶೋಕಿ ಅನ್ನುವವರ ಜೊತೆ ನಾನು ಸೇರುವುದಿಲ್ಲ. ಆಸ್ಪತ್ರೆಗೆ, ಸೊಸೈಟಿಗೆ, ಕಾಲೇಜಿಗೆ, ಎಲ್ಲಕ್ಕೂ ಬೈಕೇ ಬೇಕು. ಸ್ವಲ್ಪ ಶೋಕಿಯೂ ಇರುತ್ತದೆ, ಇರಲಿ ಬಿಡಿ. ಹತ್ತೊಂಬತ್ತಕ್ಕೆ ಇಲ್ಲದ ಶೋಕಿ ಇನ್ಯಾವಾಗ?

ತಮ್ಮ ಗಾಡಿ ತಗೊಂಡಿದ್ದು 1999ರಲ್ಲಿ. ಸೆಕೆಂಡ್‌ಹ್ಯಾಂಡ್ ಹೀರೋ ಹೋಂಡಾ ಸಿಡಿ 100. ಬೆಲೆ ₹17,500. ಅವನ ಕನಸು ಯಮಹಾ ಆರ್‌ಎಕ್ಸ್ 100. ಆದರೆ ಅದು ಕೈಗೆ ಸಿಗುವ ಬೆಲೆಯಲ್ಲಿ ಇರಲಿಲ್ಲ, ಪೆಟ್ರೋಲೂ ಜಾಸ್ತಿ ಕುಡಿಯುತ್ತಿತ್ತು. ಸಿಡಿ 100 ಬಡವರ ಗಾಡಿ. ಸೀಟಿನ ಮೇಲೆ ಎರಡು ಮೂಟೆ, ಹಿಂದೆ ಒಬ್ಬರು, ಘಟ್ಟ ಹತ್ತು ಅಂದರೆ ಗೊಣಗುತ್ತಾ ಹತ್ತುತ್ತಿತ್ತು.

ಹಣ ಎಲ್ಲಿಂದ ಬಂತು ಅಂತ ಅವನು ಹೇಳುವ ಪಟ್ಟಿ ಸುಳ್ಳಲ್ಲ. ಎರಡು ಸೀಸನ್ ಅಡಿಕೆ ಸುಲಿದ. ಸುಲಿಯುವುದು ನೋಡಿಲ್ಲದವರಿಗೆ ಹೇಳುತ್ತೇನೆ. ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವುದು, ಶುರುವಾದರೆ ಸಂಜೆ ಊಟ ಮುಗಿಸಿ ತೋಟದವರ ಅಂಗಳಕ್ಕೆ ಹೋಗುವುದು. ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಕೂರುವುದು. ಹಸಿ ಅಡಿಕೆಯನ್ನು ಕತ್ತಿಗೆ ಒತ್ತಿ, ತಿರುಗಿಸಿ, ಸಿಪ್ಪೆ ಬಿಡಿಸಿ, ಒಳಗಿನ ಅಡಿಕೆಯನ್ನು ಪಕ್ಕಕ್ಕೆ ಎಸೆಯುವುದು. ಮಧ್ಯೆ ಒಂದು ಸಲ ಚಾ, ಅವಲಕ್ಕಿ. ರಾತ್ರಿ ಹನ್ನೊಂದೋ ಹನ್ನೆರಡೋ ಆದಾಗ ಯಜಮಾನರು ಬಂದು ಡಬ್ಬದಲ್ಲಿ ಅಳೆದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಕೂಲಿ ಡಬ್ಬದ ಲೆಕ್ಕ. ಬೆರಳು ಕಪ್ಪಾಗಿ, ಎಷ್ಟು ತೊಳೆದರೂ ಬಣ್ಣ ಹೋಗುತ್ತಿರಲಿಲ್ಲ. ಕಾಲೇಜಿನಲ್ಲಿ ಯಾರು ಸುಲಿಯುವವರ ಮನೆಯವರು, ಯಾರು ಸುಲಿಸುವವರ ಮನೆಯವರು ಅಂತ ಕೈ ನೋಡಿದರೆ ತಿಳಿಯುತ್ತಿತ್ತು. ತಮ್ಮ ಎರಡು ಸೀಸನ್ ಸುಲಿದು ₹5,000 ಮಾಡಿದ.

ಮಳೆಗಾಲದಲ್ಲಿ ಉಪ್ಪಾಗೆ, ಬೆಟ್ಟದಲ್ಲಿ ಬೆಳೆಯುವ ಹುಳಿ ಹಣ್ಣು. ಇದು ಆ ಹತ್ತು ವರ್ಷಗಳ ವಿಶೇಷ. ಮೊದಲು ಉಪ್ಪಾಗೆ ಅಂದರೆ ಮೀನಿನ ಸಾರಿನ ಹುಳಿಗೆ, ಬೀಜದ ತುಪ್ಪಕ್ಕೆ, ಅಷ್ಟೇ. ತೂಕ ಇಳಿಸುವ ಮಾತ್ರೆಗೆ ಇದರ ಸಿಪ್ಪೆ ಬೇಕು ಅಂತ ತೊಂಬತ್ತರ ದಶಕದಲ್ಲಿ ಹೊರದೇಶದಿಂದ ಬೇಡಿಕೆ ಬಂತು. ಒಮ್ಮೆಲೇ ರೇಟು ಏರಿತು. ಊರಿನ ಹುಡುಗರೆಲ್ಲ ಗೋಣಿಚೀಲ ಹಿಡಿದು ಬೆಟ್ಟಕ್ಕೆ ನುಗ್ಗಿದರು. ಎಲ್ಲೋ ಯಾರೋ ಸಣ್ಣಗಾಗಲಿ ಅಂತ ಇಲ್ಲಿ ನಮ್ಮ ಹುಡುಗರು ಜಾರುವ ಮರ ಹತ್ತಿದರು. ನಾನು ಮೊದಲು, ನೀನು ಮೊದಲು ಅಂತ ಕಾಯಿ ಹಣ್ಣಾಗುವ ಮೊದಲೇ ಕೊಯ್ದರು, ಕೊಂಬೆಯನ್ನೇ ಕಡಿದರು. ಮಳೆಯಲ್ಲಿ ಸಿಪ್ಪೆ ಒಣಗಬೇಕಲ್ಲ, ಅದಕ್ಕೆ ಬೆಂಕಿ ಹಾಕಬೇಕು, ಅದಕ್ಕೆ ಮತ್ತೆ ಕಟ್ಟಿಗೆ. ಆ ವರ್ಷಗಳಲ್ಲಿ ನಮ್ಮೂರಿಗೆ ಬಂದ ಒಂದಷ್ಟು ಗಾಡಿಗಳು ಉಪ್ಪಾಗೆ ಗಾಡಿಗಳೇ. ತಮ್ಮನ ಸಿಡಿ 100ರಲ್ಲಿ ₹2,300 ಉಪ್ಪಾಗೆಯದು.

ಇನ್ನು ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಔಷಧಿ. ಮೈಲುತುತ್ತ ಒಂದು ಕೆ.ಜಿ., ಸುಣ್ಣ ಒಂದು ಕೆ.ಜಿ., ನೀರು 100 ಲೀಟರ್. ಮರದ ಮೇಲಿರುವವನು ಹೊಡೆಯುತ್ತಾನೆ, ಕೆಳಗಿರುವವನು ಪೈಪ್ ಎಳೆಯುತ್ತಾನೆ. ತಮ್ಮ ಪೈಪ್ ಎಳೆಯುವವನು. ಮೈಯೆಲ್ಲ ನೀಲಿ ಮಾಡಿಕೊಂಡು ಮನೆಗೆ ಬರುತ್ತಿದ್ದ. ಅದರಲ್ಲಿ ₹2,000.

ಕೂಡಿಸಿ ನೋಡಿ. ₹9,300.

ಉಳಿದ ₹8,200 ಎಲ್ಲಿಂದ ಬಂತು? ಕಥೆಯಲ್ಲಿ ಅದು ಬರುವುದೇ ಇಲ್ಲ. ₹4,000 ಅಮ್ಮನದು. ಎಮ್ಮೆಯ ಹಾಲನ್ನು ಪೇಟೆಯ ಹೋಟೆಲ್ಲಿಗೆ ಕೊಟ್ಟು ಕೂಡಿಟ್ಟಿದ್ದು. ₹4,200 ನನ್ನದು.

ಅದೇ ಅಂಗಳದಲ್ಲಿ, ಅದೇ ಎರಡು ಸೀಸನ್, ನಾನೂ ಸುಲಿದಿದ್ದೆ. ಸುಲಿಯುವ ಸಾಲಿನಲ್ಲಿ ಜಾಸ್ತಿ ಹೆಂಗಸರೇ ಇರುತ್ತಿದ್ದರು, ಕೈ ಚುರುಕಿನಲ್ಲೂ ಅವರೇ ಮುಂದೆ. ಸುಲಿಯುವ ವೇಗದಲ್ಲಿ ನಾನೂ ತಮ್ಮನಿಗಿಂತ ಮುಂದೆ ಇದ್ದೆ. ಆದರೂ ಲೆಕ್ಕದಲ್ಲಿ ಅವನದು ಮುಂದೆ, ಯಾಕೆಂದರೆ ಒಲೆಯ ಮುಂದಿನ ಕೆಲಸ ಮುಗಿಸಿ ನಾನು ಬರುವಾಗ ಅವನು ಆಗಲೇ ಒಂದು ಗಂಟೆ ಸುಲಿದಿರುತ್ತಿದ್ದ. ನನ್ನ ಹಣ ಹಾರ್ಲಿಕ್ಸ್ ಡಬ್ಬಿಯಲ್ಲಿತ್ತು. ಹೊಲಿಗೆ ಮಿಷನ್ ತಗೊಳ್ಳಬೇಕು ಅಂತ ಆಸೆ. ಗಾಡಿ ಕೊಡುವವರು ಇನ್ನೊಬ್ಬರಿಗೆ ಕೊಟ್ಟುಬಿಡುತ್ತೇವೆ ಅಂದ ದಿನ ಅಮ್ಮ ಡಬ್ಬಿ ಕೆಳಗಿಳಿಸಿದಳು. "ತಮ್ಮನ ಗಾಡಿ ಅಂದರೆ ಮನೆಯದೇ ಅಲ್ಲವೇನೇ" ಅಂದಳು. ನಾನು ಬೇಡ ಅನ್ನಲಿಲ್ಲ. ಕೇಳಿದ್ದರೆ ಕೊಡುತ್ತಿದ್ದೆ ಕೂಡ. ಕೇಳಲಿಲ್ಲ, ಅಷ್ಟೇ.

ಹೊಲಿಗೆ ಮಿಷನ್ ಬಂದಿದ್ದು ಮೂರು ವರ್ಷ ಬಿಟ್ಟು, ಮದುವೆಯಾದ ಮೇಲೆ.

ಇದನ್ನು ಹಳೇ ಹೊಟ್ಟೆಯುರಿ ಅಂದುಕೊಳ್ಳಬೇಡಿ. ಸ್ವಲ್ಪ ಇದೆ, ಇಲ್ಲ ಅನ್ನುವುದಿಲ್ಲ. ನಾನು ಹೇಳಬೇಕಿರುವುದು ಬೇರೆ. ನಮ್ಮ ಕಡೆ "ಹುಡುಗ ಸ್ವಂತ ದುಡಿದು ಗಾಡಿ ತಗೊಂಡ" ಅನ್ನುವ ಮಾತು ಬಂದಾಗೆಲ್ಲ, ಆ ಗಾಡಿಯ ಅರ್ಧ ಬೆಲೆ ಯಾರೋ ಹೆಂಗಸಿನ ಡಬ್ಬಿಯಿಂದ ಬಂದಿರುತ್ತದೆ. ಈಗಲೂ ಹಾಗೇ. ಡಬ್ಬಿ ಮಾತ್ರ ಬದಲಾಗಿದೆ.

ಅಳಿಯನ, ಅಂದರೆ ತಮ್ಮನ ಮಗನ, ಲೆಕ್ಕ ನೋಡಿ. ಒಳ್ಳೇ ಹುಡುಗ, ದುಡಿಯುತ್ತಾನೆ. ಅವನ ಅಪ್ಪನಿಗೆ ಸಿಕ್ಕ ಕೆಲಸಗಳು ಅವನಿಗೆ ಸಿಗುವುದಿಲ್ಲ. ಸುಲಿಯುವುದಕ್ಕೆ ಯಂತ್ರ ಬಂದಿದೆ, ಟ್ರ್ಯಾಕ್ಟರಿನಲ್ಲಿ ಅಂಗಳಕ್ಕೇ ಬಂದು ರಾತ್ರಿಗಳ ಕೆಲಸವನ್ನು ಗಂಟೆಗಳಲ್ಲಿ ಮುಗಿಸಿ ಹೋಗುತ್ತದೆ. ಅವನು ಸೀಸನ್ನಿನಲ್ಲಿ ದೋಟಿ ತಂಡದ ಜೊತೆ ಹೋಗುತ್ತಾನೆ. ಕಾರ್ಬನ್ ಫೈಬರ್ ದೋಟಿ ಗೊತ್ತಲ್ಲ, ನೆಲದಲ್ಲಿ ನಿಂತೇ ಮರದ ಕೊನೆ ಕೊಯ್ಯುವುದು. ಮರ ಹತ್ತುವವರು ಕಡಿಮೆಯಾದ ಮೇಲೆ ಇದಕ್ಕೆ ಭಾರೀ ಬೇಡಿಕೆ. ದೋಟಿ ಇದ್ದವನಿಗೆ ಹೆಚ್ಚು ಪಾಲು, ಬಲೆ ಹಿಡಿಯುವ ನಮ್ಮ ಹುಡುಗನಿಗೆ ಕಡಿಮೆ. ನನಗೆ ಈ ಕೆಲಸ ಅಂದರೆ ಎದೆ ಹೊಡೆದುಕೊಳ್ಳುತ್ತದೆ. ಕಾರ್ಬನ್ನಿನಲ್ಲೂ ಕರೆಂಟು ಹರಿಯುತ್ತದೆ. ಅಲ್ಯೂಮಿನಿಯಂ ದೋಟಿ ತಂತಿಗೆ ತಾಗಿ ಹೋದವರ ಸುದ್ದಿ ಮಲೆನಾಡಿನವರು ಎಷ್ಟು ಓದಿಲ್ಲ? "ತಂತಿ ಇದ್ದ ಕಡೆ ಹಿಡಿಯಲ್ಲ ಅತ್ತೆ" ಅನ್ನುತ್ತಾನೆ. ಅಡಿಕೆ ಮರಕ್ಕೆ ತಂತಿ ಎಲ್ಲಿದೆ ಅಂತ ಗೊತ್ತಾ ಮಾರಾಯ!

ಮದುವೆ ಸೀಸನ್ನಿನಲ್ಲಿ ಅಡುಗೆ ಕಂಟ್ರಾಕ್ಟಿನವರ ಜೊತೆ ಬಡಿಸಲು ಹೋಗುತ್ತಾನೆ. ಪಂಚೆ ಉಟ್ಟು, ಬಕೆಟ್ ಹಿಡಿದು, ಮೂರು ಪಂಕ್ತಿ. ಮನೆಯಲ್ಲಿ ತಟ್ಟೆ ಎತ್ತದವನು ಅಲ್ಲಿ ಎಲೆ ತೆಗೆಯುತ್ತಾನೆ ಅಂತ ಅವನ ಅಮ್ಮನಿಗೆ ನಗು. ಅಂತೂ ಒಂದು ವರ್ಷದಲ್ಲಿ ₹20,000 ಮಾಡಿದ್ದಾನೆ. ನೋಟ್‌ಬುಕ್ಕಿನಲ್ಲಿ ತಾರೀಖು ಸಮೇತ ಬರೆದಿಟ್ಟಿದ್ದಾನೆ.

ಅವನಿಗೆ ಬೇಕಾದ 125 ಸಿಸಿ ಬೈಕಿಗೆ ಶೋರೂಮಿನವರು ಎಲ್ಲ ಸೇರಿ ₹1,10,000 ಹೇಳಿದ್ದಾರೆ. 2025ರ ಸೆಪ್ಟೆಂಬರಿನಲ್ಲಿ 350 ಸಿಸಿ ವರೆಗಿನ ಬೈಕುಗಳ ಜಿಎಸ್‌ಟಿ 28%ನಿಂದ 18%ಕ್ಕೆ ಇಳಿಯಿತು, ಆ ಮೇಲೂ ಇಷ್ಟು. ಬೈಕಿನ ಬೆಲೆಯ ಜೊತೆ ರಸ್ತೆ ತೆರಿಗೆ, ವಿಮೆ ಎಲ್ಲ ಸೇರುತ್ತದೆ. ಹೊಸ ಗಾಡಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಕಟ್ಟಬೇಕು, 2018ರಿಂದ ಅದು ಕಡ್ಡಾಯ.

"₹20,000 ಕಟ್ಟಿ, ಇವತ್ತೇ ಗಾಡಿ ಒಯ್ಯಿರಿ" ಅಂದರಂತೆ. ಉಳಿದ ₹90,000ಕ್ಕೆ ಸಾಲ, ತಿಂಗಳಿಗೆ ₹3,250, ಮೂರು ವರ್ಷ. "ಬಡ್ಡಿ ಬರೀ 10% ಅತ್ತೆ." ನಾನು ಟೇಲರಿಂಗ್ ಅಂಗಡಿ ಇಟ್ಟುಕೊಂಡವಳು, ಬಟ್ಟೆಯ ಹಾಗೆ ಲೆಕ್ಕವನ್ನೂ ತಿರುಗಿಸಿ ನೋಡುವ ಅಭ್ಯಾಸ. 36 ಕಂತು ಅಂದರೆ ₹1,17,000. ಅಂದರೆ ಬಡ್ಡಿಯೇ ₹27,000. ಇದು ಫ್ಲಾಟ್ ಬಡ್ಡಿ. ಮೂರನೇ ವರ್ಷ ಅಸಲು ಬಹುಪಾಲು ತೀರಿಸಿದ ಮೇಲೂ ಪೂರ್ತಿ ₹90,000ದ ಮೇಲೆಯೇ ಬಡ್ಡಿ ಹಿಡಿದಿರುತ್ತಾರೆ. ಉಳಿದ ಅಸಲಿಗೆ ಮಾತ್ರ ಬಡ್ಡಿ ಅಂತ ಲೆಕ್ಕ ಹಾಕಿದರೆ ಇದು ಹತ್ತಿರ ಹತ್ತಿರ 18% ಬೀಳುತ್ತದೆ. ಬೈಕ್ ಸಾಲಕ್ಕೆ ಹೋಗುವ ಪ್ರತಿ ಹುಡುಗನೂ ಕೇಳಬೇಕಾದ ಪ್ರಶ್ನೆ ಒಂದೇ: ಫ್ಲಾಟೋ, ಇಳಿಯುವ ಅಸಲಿನ ಮೇಲೋ? ಕೇಳಿದರೆ ಕೌಂಟರಿನವರ ಮುಖ ಸ್ವಲ್ಪ ಬದಲಾಗುತ್ತದೆ, ನೋಡಿ ಬೇಕಾದರೆ.

ಸರಿ, ತಿಂಗಳಿಗೆ ₹3,250 ಎಲ್ಲಿಂದ? ದೋಟಿ ವರ್ಷವಿಡೀ ಇಲ್ಲ. ಆಷಾಢದಲ್ಲಿ ಮದುವೆಯೂ ಇಲ್ಲ. ಅವನ ಗೆಳೆಯರಲ್ಲಿ ಇಬ್ಬರು ಕಂತು ಕಟ್ಟಲು ಬೆಂಗಳೂರಿಗೆ ಹೋಗಿ ಊಟದ ಡೆಲಿವರಿ ಮಾಡುತ್ತಿದ್ದಾರೆ. ಬೈಕ್ ಇದ್ದರೆ ಕೆಲಸ, ಕೆಲಸ ಇದ್ದರೆ ಕಂತು. ಊರಲ್ಲಿ ಓಡಾಡಲು ತಗೊಂಡ ಬೈಕು ಈಗ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ತನ್ನ ಸಾಲ ತಾನೇ ತೀರಿಸುತ್ತಿದೆ. ಇವರಂಥ ಗಿಗ್ ಕಾರ್ಮಿಕರಿಗಾಗಿ ನಮ್ಮ ರಾಜ್ಯ 2025ರಲ್ಲಿ ಕಾನೂನು ತಂದಿದೆ, ಕಂಪನಿಗಳಿಂದ ಕಲ್ಯಾಣ ಶುಲ್ಕ ವಸೂಲಿ ಮಾಡುತ್ತದೆ. ಒಳ್ಳೆಯದೇ. ಪೆಟ್ರೋಲು, ಟೈರು, ಕಂತು ಮಾತ್ರ ಹುಡುಗನದೇ.

ನಮ್ಮ ಹುಡುಗ ಬೇರೆ ದಾರಿ ಹುಡುಕಿದ್ದಾನೆ. ಅಮ್ಮನ ಹೆಸರಲ್ಲಿ ಸಂಘದ ಸಾಲ, ₹50,000. ಅಷ್ಟು ಸಿಕ್ಕರೆ ಬೈಕಿನ ಸಾಲ ಕಡಿಮೆ ಸಾಕಲ್ಲ. ವಾರದ ಕಂತು. ಕಾರಣ ಕೇಳಿದರೆ ಹೈನುಗಾರಿಕೆ ಅಂತ ಬರೆಸುವುದು. ನಮ್ಮೂರಲ್ಲಿ ಇದು ಹೊಸದಲ್ಲ. ಕಾಗದದಲ್ಲಿ ಎಮ್ಮೆ, ಅಂಗಳದಲ್ಲಿ ಬೈಕು. ಮೊದಲ ಎರಡು ತಿಂಗಳು ಮಗ ಕಟ್ಟುತ್ತಾನೆ. ಆಮೇಲೆ ಸಂಘದ ಮೀಟಿಂಗಿನಲ್ಲಿ ಉಳಿದ ಹೆಂಗಸರ ಎದುರು ತಲೆ ತಗ್ಗಿಸಿ ಕೂರುವವಳು ಅಮ್ಮ. ಗೃಹಲಕ್ಷ್ಮಿಯ ₹2,000 ನೇರ ಬೈಕಿನ ಕಂತಿಗೆ ಹೋಗುವ ಮನೆಗಳನ್ನು ನಮ್ಮ ಕೇರಿಯಲ್ಲೇ ನಾಲ್ಕು ಎಣಿಸಬಲ್ಲೆ. ಹಣ ಕೊಡುವವಳು ಹಿಂದಿನ ಸೀಟಿನಲ್ಲೂ ಕೂರುವುದಿಲ್ಲ, ಅಲ್ಲಿ ಗೆಳೆಯ ಇರುತ್ತಾನೆ. ಅವಳು ಬಸ್ಸಿನಲ್ಲಿ. 2023ರಿಂದ ಅವಳಿಗೆ ಬಸ್ಸು ಪುಕ್ಕಟೆ ಅನ್ನುವುದೇ ಸಮಾಧಾನ, ಬಸ್ಸು ಬಂದರೆ.

ಹದಿನಾರು ವರ್ಷದ ಮಗನಿಗೆ ಗೇರ್ ಗಾಡಿ ಕೊಡಿಸುವವರ ಬಗ್ಗೆ ಬರೆಯಲು ಹೊರಟರೆ ಇನ್ನೊಂದು ಪೋಸ್ಟ್ ಆಗುತ್ತದೆ. ಗೇರ್ ಗಾಡಿಗೆ ಲೈಸೆನ್ಸ್ 18ಕ್ಕೇ. ಅದಕ್ಕೂ ಮೊದಲು ಓಡಿಸಿ ಸಿಕ್ಕಿಬಿದ್ದರೆ ಅಪ್ಪ ಅಮ್ಮನಿಗೆ ₹25,000 ದಂಡ, ಜೈಲೂ ಆಗಬಹುದು. ಗಾಡಿ ಅಮ್ಮನ ಹೆಸರಲ್ಲಿದ್ದರೆ ಕೋರ್ಟಿಗೆ ಹೋಗಿ ನಿಲ್ಲುವವಳೂ ಅವಳೇ.

ಇನ್ನೊಂದು ಹೇಳಿ ಮುಗಿಸುತ್ತೇನೆ. 2016ರಲ್ಲಿ ನಾನು ಸ್ಕೂಟಿ ತಗೊಂಡೆ. ಅಷ್ಟೂ ಹಣ ಬ್ಲೌಸ್ ಹೊಲಿದು ಮಾಡಿದ್ದು, ಸಾಲ ಇಲ್ಲ. ಅಂಗಡಿ ಮುಂದೆ ನಿಲ್ಲಿಸಿದ ಮೊದಲ ದಿನ ಬಂದವರೆಲ್ಲ ಕೇಳಿದ್ದು ಒಂದೇ: "ಯಜಮಾನರು ಕೊಡಿಸಿದರಾ?" ಎಂಟು ಹತ್ತು ಜನಕ್ಕೆ "ಇಲ್ಲ, ನಾನೇ" ಅಂದೆ. ಆಮೇಲೆ ಬೇಜಾರಾಗಿ ಸುಮ್ನೆ ನಕ್ಕೆ. ಪಾಪ ನಮ್ಮೆಜಮಾನರಿಗೂ ಮುಜುಗರ. ತಮ್ಮನ ಸಿಡಿ 100 ನೋಡಿ "ಅಕ್ಕ ಕೊಡಿಸಿದಳಾ?" ಅಂತ ಯಾರೂ ಕೇಳಿರಲಿಲ್ಲ.

ಚೌತಿ ಮುಗಿಸಿ ಹೊರಡುವಾಗ ಅಳಿಯನ ನೋಟ್‌ಬುಕ್ ತರಿಸಿಕೊಂಡೆ. ಹೊಸ ಬೈಕ್ ಬಿಡು, ಸೆಕೆಂಡ್‌ಹ್ಯಾಂಡ್ ನೋಡು, ಕೈಯಲ್ಲಿ ₹20,000 ಇದೆ, ಇನ್ನೊಂದು ಸೀಸನ್ ಕಾದರೆ ₹40,000 ಆಗುತ್ತದೆ ಅಂದೆ. ಮುಖ ಸಣ್ಣಗೆ ಮಾಡಿದ. ಸಂಘದ ಸಾಲ ತೆಗೆಯುವುದೇ ಆದರೆ ಇದರಲ್ಲಿ ಇನ್ನೊಂದು ಪುಟ ಮಾಡು, ಮೇಲೆ ಅಮ್ಮನ ಹೆಸರು ಬರೆ, ಪ್ರತಿ ವಾರದ್ದು ಬರೆ ಅಂದೆ. "ಮನೆಯವರ ಹತ್ತಿರ ಲೆಕ್ಕ ಯಾಕೆ ಅತ್ತೆ" ಅಂದ. ಒಳಗೆ ಪಾತ್ರೆ ತೊಳೆಯುತ್ತಿದ್ದ ಅವನ ಅಮ್ಮನ ಕೈ ಒಂದು ಗಳಿಗೆ ನಿಂತಿತು. ಪಾತ್ರೆಯ ಸದ್ದು ನಿಂತಿದ್ದು ನನಗೆ ಕೇಳಿಸಿತು. ಅವನಿಗೆ ಕೇಳಿಸಲಿಲ್ಲ.

ತಮ್ಮನಿಗೂ ಫೇಸ್‌ಬುಕ್ ಇದೆ, ಇದನ್ನು ಓದುತ್ತಾನೆ. ₹4,200 ಕಣೋ. ಬಡ್ಡಿ ಬೇಡ. ಮುಂದಿನ ಹಬ್ಬಕ್ಕೆ ಕಥೆ ಹೇಳುವಾಗ ಸೇರಿಸಿ ಹೇಳು, ಸಾಕು.