ಸತ್ಯಾಂಶ: ಹರಿಯುವ ಹೊಳೆ ತಾನೇ ಶುದ್ಧವಾಗುತ್ತದೆಯೇ?

"ಎಷ್ಟೇ ಕೊಳಚೆ ಬಿಟ್ಟರೂ ಹರಿಯುವ ನೀರು ಕೆಲವು ಕಿಲೋಮೀಟರ್ ದಾಟಿದರೆ ತಾನೇ ಶುದ್ಧವಾಗುತ್ತದೆ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದರಲ್ಲಿ ಒಂದು ಚೂರು ಮಾತ್ರ ನಿಜ.

ಬ್ಯಾಕ್ಟೀರಿಯಾಗಳು ಕೊಳಚೆಯನ್ನು ತಿನ್ನುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸುತ್ತವೆ. ಗಾಳಿಯಿಂದ ಆಮ್ಲಜನಕ ಮತ್ತೆ ಸೇರುತ್ತದೆ. ಅಮೆರಿಕದ ಒಹಾಯೋ ನದಿಯನ್ನು ಅಧ್ಯಯನ ಮಾಡಿದ ಸ್ಟ್ರೀಟರ್ ಮತ್ತು ಫೆಲ್ಪ್ಸ್ ಎಂಬ ಸಂಶೋಧಕರು 1925ರಲ್ಲಿ ಈ ಎರಡನ್ನೂ ಒಂದೇ ಲೆಕ್ಕಕ್ಕೆ ತಂದರು. ಆಮ್ಲಜನಕ ತೀರಾ ಕುಸಿಯುವುದು ಕೊಳಚೆ ಬೀಳುವ ಜಾಗದಲ್ಲಲ್ಲ, ಅಲ್ಲಿಂದ ಕೆಳಗೆ ಎಂದು ಆ ಲೆಕ್ಕ ತೋರಿಸುತ್ತದೆ. ಕೊಳಚೆ ಬಿಟ್ಟವರು ಮೇಲಿದ್ದರೆ, ಮೀನು ಸಾಯುವುದು ಕೆಳಗಿನ ಊರಿನವರ ಕಣ್ಣೆದುರು. ಇದು ಅನ್ಯಾಯ ಅಲ್ವಾ?

ನೀರು ಚೇತರಿಸಿಕೊಳ್ಳಲು ಎಷ್ಟು ದೂರ ಬೇಕು ಅನ್ನೋದು ಹರಿವು, ಆಳ, ಬಿಸಿಯ ಮೇಲೆ ನಿಂತಿದೆ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. 30 ಡಿಗ್ರಿಯಲ್ಲಿ ಸುಮಾರು 7.5 ಮಾತ್ರ. ಬೇಸಿಗೆಯಲ್ಲಿ ಹರಿವೂ ಕಡಿಮೆ. ಹಾಗಾಗಿ ಎಷ್ಟು ಕೊಳಚೆ ಬಿಡಬಹುದು ಎಂದು ತೀರ್ಮಾನಿಸುವಾಗ ಬೇಸಿಗೆಯ ಹರಿವಿಗೇ ಲೆಕ್ಕ ಹಾಕಬೇಕು. ತುಂಬು ಹೊಳೆಯ ಲೆಕ್ಕ ಸುಮ್ನೆ ಸಮಾಧಾನ ಕೊಡುತ್ತದೆ.

ಬೆಂಗಳೂರಿನ ವೃಷಭಾವತಿಯಲ್ಲಿ ಬೇಸಿಗೆಯಲ್ಲಿ ಹರಿಯುವುದು ಬಹುಪಾಲು ಕೊಳಚೆಯೇ. ಬೆರೆಯಲು ಒಳ್ಳೆಯ ನೀರೇ ಇಲ್ಲ. ಮುಂದೆ ಬೈರಮಂಗಲ ಕೆರೆಯಲ್ಲಿ ನೀರು ನಿಲ್ಲುತ್ತದೆ. ಅಲ್ಲಿಗೆ ಹೊಳೆಯ ಲೆಕ್ಕ ಸಾಲದು. ಪಾಚಿ, ಹೂಳು, ಪಾಚಿ ಬೆಳೆಸುವ ರಂಜಕವನ್ನೂ (ಫಾಸ್ಫರಸ್) ಸೇರಿಸುವ ಕೆರೆಯ ಲೆಕ್ಕದ ಮಾದರಿ ಬೇಕು. ಯಾವ ಮಾದರಿಯಾದರೂ ಸ್ಥಳದಲ್ಲಿ ಅಳೆದ ಅಂಕಿಗಳ ಜೊತೆ ಹೋಲಿಸದೆ ನಂಬುವಂತಿಲ್ಲ. ಇನ್ನು ಕಾರ್ಖಾನೆಯ ಸೀಸ, ಕ್ರೋಮಿಯಂ ಎಷ್ಟು ದೂರ ಹರಿದರೂ ಕೊಳೆತು ಹೋಗುವುದಿಲ್ಲ. ಹೂಳಿನಲ್ಲಿ ಕೂರುತ್ತವೆ.